ಎಲ್ಲಿದೆ ಎಂದು ತಿಳಿಯದ ದಿನಗಳು

ದಿನ ತಪ್ಪಿ ಎಂಟು ದಿನವಾದ ಮೇಲೆ ಕೊರಟಗೆರೆಯ ಒಂದು ಔಷಧಿ ಅಂಗಡಿಯಲ್ಲಿ ಪರೀಕ್ಷೆಯ ಸ್ಟ್ರಿಪ್ ಕೊಂಡೆ. ಮಧುಗಿರಿಯಲ್ಲೇ ಕೊಳ್ಳಬಹುದಿತ್ತು. ಆದರೆ ನಮ್ಮ ಬೀದಿಯ ಅಂಗಡಿಯವರಿಗೆ ನಾನು ಟೀಚರಮ್ಮ ಎಂದು ಗೊತ್ತು, ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿಲ್ಲ ಎಂಬುದೂ ಗೊತ್ತು. ಅವರ ಮುಖದಲ್ಲಿ ನನ್ನ ಸಲುವಾಗಿ ಮೂಡುವ ಆಸೆಯನ್ನು ನೋಡುವ ಧೈರ್ಯ ನನಗಿರಲಿಲ್ಲ.

ನಾನು ಚನ್ನರಾಯನದುರ್ಗದ ಬಳಿ ಒಂದು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ನಾಲ್ಕು ಮತ್ತು ಐದನೇ ತರಗತಿಗೆ ಪಾಠ ಮಾಡುತ್ತೇನೆ. ನನ್ನ ಗಂಡ ಪಾವಗಡದ ಕಡೆ, ಬಲಸಮುದ್ರದ ಹತ್ತಿರದ ಸೋಲಾರ್ ಪಾರ್ಕಿನಲ್ಲಿ ಟೆಕ್ನಿಷಿಯನ್. ಒಬ್ಬರ ಕೆಲಸ ತೆಂಕಲಿಗೆ, ಇನ್ನೊಬ್ಬರದು ಬಡಗಲಿಗೆ. ಹಾಗಾಗಿ ಮಧ್ಯದ ಮಧುಗಿರಿಯಲ್ಲಿ ಒಂದು ಮಹಡಿ ಮನೆ ಬಾಡಿಗೆಗೆ ಹಿಡಿದಿದ್ದೆವು.

ಸ್ಟ್ರಿಪ್ಪಿನಲ್ಲಿ ಎರಡು ಗೆರೆ ಬಂದವು. ಎರಡನೆಯದು ಸ್ವಲ್ಪ ಮಂಕಾಗಿತ್ತು. ಗಂಡನಿಗೆ ತೋರಿಸಿದೆ. ಅವರು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಗಾಡಿಯ ಕೀ ತೆಗೆದುಕೊಂಡು ಕೆಳಗಿಳಿದು ಹೋದರು. ಅರ್ಧ ಗಂಟೆಯ ಮೇಲೆ ನಾಲ್ಕು ಎಳನೀರು ತಂದು ಅಡುಗೆಮನೆಯಲ್ಲಿ ಸಾಲಾಗಿ ಇಟ್ಟರು. "ನಾಲ್ಕನ್ನೂ ಒಬ್ಳೇ ಕುಡೀಲಾ?" ಎಂದೆ. "ಗೊತ್ತಾಗ್ಲಿಲ್ಲ, ಏನ್ ತರ್ಬೇಕು ಅಂತ," ಎಂದರು. ಐದು ವರ್ಷದಲ್ಲಿ ಅವರು ಅಷ್ಟು ತಬ್ಬಿಬ್ಬಾಗಿದ್ದನ್ನು ನಾನು ನೋಡಿರಲಿಲ್ಲ.

ಪೇಟೆಯ ಒಂದು ನರ್ಸಿಂಗ್ ಹೋಮಿನ ಡಾಕ್ಟರಮ್ಮ ಫೋಲಿಕ್ ಆಸಿಡ್ ಮಾತ್ರೆ ಬರೆದುಕೊಟ್ಟು, ಎರಡು ವಾರ ಬಿಟ್ಟು ಸ್ಕ್ಯಾನಿಂಗಿಗೆ ಬನ್ನಿ ಎಂದರು. ಐವತ್ತು ದಾಟಿದ, ಕಡಿಮೆ ಮಾತಿನ ಹೆಂಗಸು. ಆ ಹಳದಿ ಮಾತ್ರೆಯನ್ನು ದಿನಾ ಊಟವಾದ ಮೇಲೆ ನುಂಗುತ್ತಿದ್ದೆ. ಅದು ನಾನು ಆ ಜೀವಕ್ಕೆ ಮಾಡಬಹುದಾಗಿದ್ದ ಒಂದೇ ಕೆಲಸವಾಗಿತ್ತು. ಎಂದೂ ಮರೆಯಲಿಲ್ಲ.

ಎರಡು ವಾರ ತುಂಬುವ ಮೊದಲೇ, ಒಂದು ಶನಿವಾರ ಶಾಲೆಯಲ್ಲಿ ಕಂದು ಬಣ್ಣದ ಕಲೆ ಕಂಡಿತು. ಜೊತೆಗೆ ಹೊಟ್ಟೆಯ ಎಡಕ್ಕೆ, ಕೆಳಗೆ, ಯಾರೋ ಚಿವುಟಿ ಬಿಟ್ಟ ಹಾಗೆ ನೋವು. ಹೆಚ್ಚೇನಲ್ಲ. ಮಕ್ಕಳಿಗೆ ಗುಣಾಕಾರದ ಲೆಕ್ಕ ಕೊಟ್ಟು ಮೇಜಿಗೆ ಒರಗಿ ನಿಂತೆ. ಮುಖ್ಯೋಪಾಧ್ಯಾಯಿನಿ ಬಾಗಿಲಲ್ಲಿ ಹಾದುಹೋಗುವವರು ನನ್ನ ಮುಖ ನೋಡಿ ಒಳಗೆ ಬಂದರು. "ಯಾಕಮ್ಮ, ಹಿಂಗೆ ಬೆವರ್ತಿದ್ದೀಯ?" ಎಂದರು. ಹೇಳಿದೆ. ಅವರು ಪುಸ್ತಕ ನನ್ನ ಕೈಯಿಂದ ತೆಗೆದುಕೊಂಡು, "ನಾನು ನೋಡ್ಕೋತೀನಿ. ನೀನು ಮೊದಲು ಹೊರಡು," ಎಂದರು.

ನಾನು ಪೇಟೆ ತಲುಪುವಷ್ಟರಲ್ಲಿ ಸ್ಕ್ಯಾನಿಂಗ್ ಮುಗಿದಿತ್ತು, ಭಾನುವಾರ ರಜೆ. ಸೋಮವಾರ ಬೆಳಿಗ್ಗೆ ಸ್ಕ್ಯಾನ್ ಆಯಿತು. ಮೊದಲು ಹೊಟ್ಟೆಯ ಮೇಲಿಂದ, ಆಮೇಲೆ ಒಳಗಿಂದ. ಡಾಕ್ಟರಮ್ಮ ಪರದೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಬಹಳ ಹೊತ್ತು ಹುಡುಕಿದರು. ಗೋಡೆಯ ಮೇಲೆ ದುಂಡು ಮುಖದ ಮಗುವಿನ ಕ್ಯಾಲೆಂಡರಿತ್ತು. ಅದನ್ನು ನೋಡಬಾರದೆಂದು ಫ್ಯಾನು ನೋಡುತ್ತಾ ಮಲಗಿದ್ದೆ.

"ಗರ್ಭಕೋಶ ಖಾಲಿ ಕಾಣ್ತಿದೆ," ಎಂದರು. "ಮೂರು ಸಾಧ್ಯತೆ ಇದೆ. ನೀವು ಲೆಕ್ಕ ಹಾಕಿದ್ದಕ್ಕಿಂತ ಗರ್ಭ ಚಿಕ್ಕದಿರಬಹುದು, ಇನ್ನೂ ಕಣ್ಣಿಗೆ ಬೀಳ್ತಿಲ್ಲ. ಇಲ್ಲಾಂದ್ರೆ ತಾನಾಗೇ ಹೋಗ್ತಿರಬಹುದು. ಇಲ್ಲಾಂದ್ರೆ ಗರ್ಭಕೋಶದ ಹೊರಗೆ, ನಾಳದಲ್ಲಿ ನಿಂತಿರಬಹುದು. ಯಾವುದು ಅಂತ ಇವತ್ತು ನಾನು ಹೇಳೋಕಾಗಲ್ಲ."

"ಯಾವಾಗ ಗೊತ್ತಾಗುತ್ತೆ?"

"ರಕ್ತ ನೋಡೋಣ. ಎರಡು ದಿನಕ್ಕೊಂದ್ಸಲ. ಗರ್ಭ ಸರಿಯಾಗಿ ಬೆಳೀತಿದ್ರೆ ರಕ್ತದಲ್ಲಿರೋ ಅದರ ಅಂಶ ಎರಡು ದಿನದಲ್ಲಿ ಹೆಚ್ಚುಕಮ್ಮಿ ಎರಡರಷ್ಟಾಗುತ್ತೆ. ತಾನಾಗೇ ಹೋಗ್ತಿದ್ರೆ ಇಳಿಯುತ್ತೆ. ನಾಳದಲ್ಲಿದ್ರೆ ಎರಡೂ ಮಾಡಲ್ಲ, ತೆವಳುತ್ತೆ."

ಲ್ಯಾಬು ಅದೇ ಕಟ್ಟಡದ ಕೆಳಗಿತ್ತು. ಅಲ್ಲಿ ರಕ್ತ ತೆಗೆಯುವ ಹುಡುಗಿ ಶಿರಾದವಳು. ಸೂಜಿ ಚುಚ್ಚುವಾಗ ನಾನು ಕಣ್ಣು ಮುಚ್ಚಿದ್ದನ್ನು ನೋಡಿ, "ಫಿಕರ್ ಮಾಡ್ಬೇಡಿ ಅಕ್ಕ, ನನ್ನ ಕೈ ಹಗುರ," ಎಂದಳು. ನಿಜವಾಗಿಯೂ ಹಗುರವಾಗಿತ್ತು. ರಕ್ತ ತುಮಕೂರಿಗೆ ಹೋಗಿ, ಸಂಜೆ ಉತ್ತರ ಫೋನಿಗೆ ಬರುತ್ತಿತ್ತು. ಮೊದಲ ಸಲ ಬಂದ ಅಂಕಿ ಆರುನೂರ ನಲವತ್ತು.

ಅದರ ಅರ್ಥವೇನೆಂದು ಯಾರಿಗೂ ಗೊತ್ತಿರಲಿಲ್ಲ. ಒಂದೇ ಅಂಕಿಗೆ ಅರ್ಥವಿಲ್ಲ ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ನಾನಂತೂ ಅದನ್ನು ಎರಡರಿಂದ ಗುಣಿಸಿಟ್ಟುಕೊಂಡೆ. ಬುಧವಾರ ಸಾವಿರದ ಇನ್ನೂರ ಎಂಬತ್ತು ಬರಲಿ ಎಂದು ಹರಕೆ ಹೊತ್ತವಳ ಹಾಗೆ ಎರಡು ದಿನ ಅದೊಂದೇ ಸಂಖ್ಯೆಯನ್ನು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಿದ್ದೆ.

ಮಂಗಳವಾರ ನನ್ನ ಅತ್ತೆ ಬಂದರು. ಅವರದು ಶಿರಾ ತಾಲ್ಲೂಕಿನ ಗೌಡಗೆರೆ ಕಡೆಯ ಒಂದು ಹಟ್ಟಿ. ಈಗಲೂ ನಲವತ್ತು ಕುರಿ ಇವೆ. ಮೈದುನ ಮೇಯಿಸುತ್ತಾನೆ, ಲೆಕ್ಕ ಅತ್ತೆಯ ಬಾಯಲ್ಲಿರುತ್ತದೆ. ಆ ಹಟ್ಟಿಯಲ್ಲಿ ಮುಟ್ಟಾದ ಹೆಂಗಸರು ಮನೆಯೊಳಗಿರುವುದಿಲ್ಲ. ಹಟ್ಟಿಯಾಚೆ ಅವರಿಗೊಂದು ಬೇರೆ ಕೋಣೆಯಿದೆ. ನಾನು ಅದೇ ಜನದವಳಾದರೂ ಅಪ್ಪ ಮೇಷ್ಟರಾಗಿದ್ದರಿಂದ ಕೊರಟಗೆರೆ ಪೇಟೆಯಲ್ಲಿ ಬೆಳೆದವಳು. ಮದುವೆಯಾದ ಮೇಲೆ ಹಟ್ಟಿಗೆ ಹೋಗುವಾಗಲೆಲ್ಲ ದಿನ ಎಣಿಸಿಕೊಂಡೇ ಹೋಗುತ್ತಿದ್ದೆ. ಅತ್ತೆಗೂ ನನಗೂ ಈ ವಿಷಯದಲ್ಲಿ ಎಂದೂ ಮಾತಾಗಿರಲಿಲ್ಲ. ಇಬ್ಬರೂ ಜಾಣತನದಿಂದ ತಪ್ಪಿಸಿಕೊಂಡಿದ್ದೆವು.

ಅವರು ಮೆಟ್ಟಿಲು ಹತ್ತಿ ಬಂದಾಗ ಸೆರಗಿನಲ್ಲಿ ನುಗ್ಗೆಸೊಪ್ಪಿನ ಕಟ್ಟಿತ್ತು. ನಾನು ಬಾಗಿಲಲ್ಲೇ ಹೇಳಿದೆ. "ಅತ್ತೆ, ನನಗೆ ಇನ್ನೂ ರಕ್ತ ಹೋಗ್ತಿದೆ. ಎಷ್ಟು ದಿನ ಹೋಗುತ್ತೋ ಗೊತ್ತಿಲ್ಲ. ನಿಮಗೆ ತೊಂದರೆ ಆಗುತ್ತೆ."

"ಗೊತ್ತೈತೆ ಕಣಮ್ಮ. ನನ್ ಮಗ ಪೋನಲ್ಲಿ ಎಲ್ಲಾ ಹೇಳ್ದ. ಗೊತ್ತಿದ್ದೇ ಬಂದೆ," ಎಂದು ಚಪ್ಪಲಿ ಬಿಟ್ಟು ಒಳಗೆ ಬಂದರು. "ನೀನು ಮಲಿಕ್ಕೊ ಹೋಗು. ಒಲೆ ಎಲ್ಲೈತೆ ಅಂತ ನಂಗೊತ್ತು."

ಬುಧವಾರ ಬಂದ ಅಂಕಿ ಎಂಟುನೂರ ಹನ್ನೆರಡು.

ಏರಿತ್ತು. ಏರಬೇಕಾದಷ್ಟು ಏರಿರಲಿಲ್ಲ. ಗುರುವಾರ ಡಾಕ್ಟರಮ್ಮನನ್ನು ನೋಡಲು ಅತ್ತೆಯೂ ಜೊತೆಗೆ ಬಂದರು. "ನಾಳದಲ್ಲೇ ಇದೆ ಅಂತ ಅನುಮಾನ ಜಾಸ್ತಿ ಆಗ್ತಿದೆ. ಆದ್ರೂ ಅನುಮಾನ ಅಷ್ಟೇ," ಎಂದರು ಡಾಕ್ಟರಮ್ಮ. ನಾನು ಕೇಳಿದೆ, "ಅನುಮಾನ ಇದ್ರೆ ಈಗಲೇ ಏನಾದ್ರೂ ಮಾಡ್ಬಾರ್ದಾ?" ಅವರು ಪೆನ್ನು ಕೆಳಗಿಟ್ಟರು. "ಮಾಡಬಹುದು. ಇಂಜೆಕ್ಷನ್ ಕೊಟ್ರೆ ಬೆಳವಣಿಗೆ ನಿಲ್ಲುತ್ತೆ. ಆದ್ರೆ ಅದು ಸರಿಯಾದ ಜಾಗದಲ್ಲೇ ಇದ್ದು, ನನ್ನ ಕಣ್ಣಿಗೆ ಬೀಳದೆ ಇದ್ರೆ? ಆಮೇಲೆ ನೀವೂ ನನ್ನ ಕ್ಷಮಿಸಲ್ಲ, ನಾನೂ ನನ್ನ ಕ್ಷಮಿಸ್ಕೊಳಲ್ಲ. ನೀವು ಗಟ್ಟಿಯಾಗಿದ್ದೀರಿ, ಬಿಪಿ ಚೆನ್ನಾಗಿದೆ, ಹೊಟ್ಟೆಯಲ್ಲಿ ರಕ್ತ ಕಾಣ್ತಿಲ್ಲ. ಇನ್ನೂ ಕೆಲವು ದಿನ ಕಾಯೋಕೆ ಜಾಗ ಇದೆ."

ಆಮೇಲೆ ಅವರು ಯಾವ ಸೂಚನೆ ಕಂಡರೆ ಕಾಯಬಾರದು ಎಂದು ನಿಧಾನವಾಗಿ ಹೇಳಿದರು. ತಡೆಯಲಾರದ ಹೊಟ್ಟೆನೋವು. ತಲೆ ಸುತ್ತಿ ಕಣ್ಣು ಕತ್ತಲೆ ಬರುವುದು. ಜಾಸ್ತಿ ರಕ್ತ. ಹೆಗಲಿನ ತುದಿಯಲ್ಲಿ ನೋವು. ಇದರಲ್ಲಿ ಯಾವುದೊಂದು ಕಂಡರೂ ಫೋನು ಮಾಡುತ್ತಾ ಕೂರದೆ ನೇರ ಬರಬೇಕು. ಒಬ್ಬಳೇ ಇರಬಾರದು. ಊರು ಬಿಟ್ಟು ಹೋಗಬಾರದು.

ಅಲ್ಲಿಯವರೆಗೆ ಗೋಡೆಗೊರಗಿ ಸುಮ್ಮನೆ ಕೂತಿದ್ದ ಅತ್ತೆ ಮುಂದೆ ಬಾಗಿದರು. "ಎಗಲು ಯಾಕೆ ನೋಯ್ತೈತೆ ಡಾಕ್ಟ್ರಮ್ಮ? ಒಟ್ಟೇಲಿರೋದ್ಕೂ ಎಗಲ್ಗೂ ಏನ್ ಸಂಬಂಧ?"

"ನಾಳ ಒಡೆದ್ರೆ ರಕ್ತ ಹೊಟ್ಟೆಯೊಳಗೇ ತುಂಬ್ಕೊಳ್ಳುತ್ತಮ್ಮ. ಅದು ಮೇಲೆ, ಎದೆಗೂ ಹೊಟ್ಟೆಗೂ ಮಧ್ಯೆ ಇರೋ ಪದರಕ್ಕೆ ತಾಗಿದ್ರೆ ನೋವು ಹೆಗಲಲ್ಲಿ ಕಾಣುತ್ತೆ. ಹೊರಗೆ ರಕ್ತ ಸ್ವಲ್ಪವೇ ಹೋಗ್ತಿರುತ್ತೆ, ಅದಕ್ಕೇ ಜನ ಮೋಸ ಹೋಗ್ತಾರೆ."

ಅತ್ತೆ ಮತ್ತೆ ಗೋಡೆಗೊರಗಿದರು.

ಅಂದು ಮಧ್ಯಾಹ್ನ ಅವರು ಅವರೆಕಾಳು ಬಿಡಿಸುತ್ತಾ ಕೂತಿದ್ದಾಗ ತಾವಾಗಿಯೇ ಶುರು ಮಾಡಿದರು.

"ನಂಗೊಬ್ಳು ತಂಗಿ ಇದ್ಲು, ಗೊತ್ತಲ್ಲ."

ಗೊತ್ತಿತ್ತು. ಅಕ್ಕತಂಗಿಯರನ್ನು ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊಟ್ಟಿದ್ದರು. ತಂಗಿ ಚಿಕ್ಕ ವಯಸ್ಸಿಗೇ ತೀರಿಕೊಂಡಿದ್ದರು ಎಂದಷ್ಟೇ ಕೇಳಿದ್ದೆ.

"ಮದ್ವೆ ಆಗಿ ಎಲ್ಡು ವರ್ಷ ಆಗಿತ್ತು. ದಿನ ನಿಂತಿತ್ತು. ಒಂದೂವರೆ ತಿಂಗ್ಳು ಅನ್ನು. ನಂಗೊಬ್ಳಿಗೇ ಹೇಳಿದ್ಲು. ಆಮ್ಯಾಕೆ ಒಂದಿನ ಕಾಣಿಸ್ಕಂತು. ಅಯ್ಯೋ, ತಡವಾಗಿ ಆಗೈತೆ ಬುಡು ಅಂದ್ಬುಟ್ಟು ಹೊರ್ಗೆ ಕಳ್ಸಿದ್ವಿ. ಆವಾಗ ಗುಡ್ಲು, ಈಗಿನಂಗೆ ಗೋಡೆ ಇರ್ಲಿಲ್ಲ. ನಾನೇ ಊಟ ಒಯ್ತಿದ್ದೆ. ದೂರ್ದಿಂದ್ಲೇ ಇಕ್ಬೇಕು. ಎಲ್ಡನೇ ದಿನ, ಅಕ್ಕ, ಎಗಲು ನೋಯ್ತೈತೆ ಅಂದ್ಲು. ಸೌದೆ ಹೊರೆ ಹೊತ್ತಿದ್ದೀಯಲ್ಲೇ, ನೋಯ್ದೇ ಇನ್ನೇನು ಅಂದೆ." ಅವರು ಒಂದು ಕಾಯನ್ನು ಬಿಡಿಸಿ, ಕಾಳನ್ನು ಸಿಪ್ಪೆಯ ಜೊತೆಗೆ ಹಾಕಿದರು. ಅದು ಅವರಿಗೆ ಗೊತ್ತಾಗಲಿಲ್ಲ. "ಮಾರ್ನೇ ದಿನ ವೋದಾಗ ಬಾಗ್ಲಲ್ಲಿ ಬಿದ್ದಿದ್ಲು. ಮಕ ಸುಣ್ಣದಂಗಿತ್ತು. ಮುಟ್ಟೋಕೆ ನಂಗೆ ಎದ್ರಿಕೆ ಕಣಮ್ಮ. ಒಡಹುಟ್ಟಿದೋಳನ್ನ ಮುಟ್ಟೋಕೆ ಎದ್ರಿಕೆ. ಗಂಡಸ್ರನ್ನ ಕೂಗ್ದೆ. ಗಾಡಿ ಕಟ್ಕಂಡು ಶಿರಾಕ್ಕೆ ಹೊಂಟ್ರು. ಗೌಡಗೆರೆ ದಾಟೋ ವೊತ್ಗೆ ಮುಗ್ದೋಗಿತ್ತು. ಗಾಳಿ ಮೆಟ್ಕಂಡೈತೆ ಅಂದ್ರು. ನಾನೂ ಅಂಗೇ ಅನ್ಕಂಡಿದ್ದೆ, ಇವತ್ತಿನವರ್ಗೂ."

ಅದೇ ಆಗಿರಲಿಕ್ಕಿಲ್ಲ, ಬೇರೆ ಏನೋ ಇದ್ದೀತು ಎಂದೆ. ನನ್ನ ಮಾತು ನನಗೇ ನಂಬಿಕೆ ಬರುವ ಹಾಗಿರಲಿಲ್ಲ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿನ್ನ ಬುಟ್ಟು ನಾನು ಎಲ್ಲೂ ಹೋಗಾಕಿಲ್ಲ. ಇದು ಮುಗಿಯೋಗಂಟ," ಎಂದರು. ಹಾಗೆಯೇ ಮಾಡಿದರು. ಹಟ್ಟಿಯಿಂದ ಭಾವನವರು ಫೋನು ಮಾಡಿ, ಯಾವಾಗ ಬರುತ್ತೀಯ, ದೇವರ ಕೆಲಸ ಇದೆ ಎಂದರೆ, "ದೇವ್ರಿಗೆ ಹೇಳು, ಸೊಸೆಗೆ ಉಸಾರಿಲ್ಲ ಅಂತ," ಎಂದು ಫೋನಿಟ್ಟರು.

ಶುಕ್ರವಾರದ ಅಂಕಿ ಒಂಬೈನೂರ ಮೂವತ್ತು. ಭಾನುವಾರ ಲ್ಯಾಬಿಗೆ ರಜೆ. ಅಷ್ಟು ದೀರ್ಘವಾದ ಭಾನುವಾರವನ್ನು ನಾನು ಕಂಡಿಲ್ಲ. ಒಳಗಿರುವುದು ಜೀವವೋ, ಅಪಾಯವೋ ಗೊತ್ತಿರಲಿಲ್ಲ. ಆಸೆಪಟ್ಟರೆ ಒಂದು ತಪ್ಪು, ಬೇಡವೆಂದರೆ ಇನ್ನೊಂದು. ಮಾತ್ರೆಯನ್ನು ಮಾತ್ರ ಬಿಡಲಿಲ್ಲ. ಹೆಗಲು ನೋಯುತ್ತಿದೆಯೇ ಎಂದು ಗಂಟೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದೆ. ಅಷ್ಟು ಸಲ ಒತ್ತಿದ್ದಕ್ಕೇ ಸಂಜೆಗೆ ಅದು ನೋಯತೊಡಗಿ, ನಾವಿಬ್ಬರೂ ಹೆದರಿ, ಆಮೇಲೆ ಕಾರಣ ತಿಳಿದು ಅತ್ತೆ ನನ್ನ ಕೈಗೆ ಮೆಲ್ಲಗೆ ಒಂದೇಟು ಕೊಟ್ಟರು.

ಸೋಮವಾರ ಮತ್ತೆ ಸ್ಕ್ಯಾನ್. ಈ ಸಲ ಡಾಕ್ಟರಮ್ಮ ಬಹಳ ಹೊತ್ತು ಹುಡುಕಲಿಲ್ಲ. ಎಡ ನಾಳದ ಬಳಿ ಒಂದು ಚಿಕ್ಕ ಗಂಟು, ಅವರೆಕಾಳಿಗಿಂತ ಸ್ವಲ್ಪ ದೊಡ್ಡದು. ಎದೆಬಡಿತವಿಲ್ಲ. ಸುತ್ತ ರಕ್ತವಿಲ್ಲ. ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ ಬೆರಳಿಟ್ಟು ತೋರಿಸಿದರು. ಬೂದು ಬಣ್ಣದ ನಡುವೆ ಒಂದು ಬೂದು ಚುಕ್ಕೆ. ಒಂಬತ್ತು ದಿನ ಎಲ್ಲಿದ್ದೀಯ, ಎಲ್ಲಿದ್ದೀಯ ಎಂದು ಕೇಳುತ್ತಿದ್ದವಳಿಗೆ ಅದು ಸಿಕ್ಕಿತ್ತು. ಇರಬಾರದ ಜಾಗದಲ್ಲಿ.

"ಇದನ್ನ ತೆಗೆದು ಸರಿಯಾದ ಜಾಗಕ್ಕೆ ಇಡೋಕಾಗಲ್ವಾ?" ಎಂದು ಕೇಳಿದೆ. ನಾನು ಓದಿದವಳು. ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ಬಾಯಿಂದ ಬಂತು.

ಡಾಕ್ಟರಮ್ಮ ನಗಲಿಲ್ಲ, ಗದರಲಿಲ್ಲ. "ಎಲ್ಲರೂ ಕೇಳ್ತಾರೆ. ಆಗಲ್ಲಮ್ಮ," ಎಂದು ನನ್ನ ಮೊಣಕಾಲ ಮೇಲೆ ಕೈಯಿಟ್ಟರು. "ನಿಮ್ಮ ತಪ್ಪಿನಿಂದ ಆಗಿದ್ದಲ್ಲ ಇದು. ಬಸ್ಸಲ್ಲಿ ಓಡಾಡಿದ್ದಕ್ಕಲ್ಲ, ಮೆಟ್ಟಿಲು ಹತ್ತಿದ್ದಕ್ಕಲ್ಲ. ಅದನ್ನ ತಲೆಯಿಂದ ತೆಗೆದುಬಿಡಿ."

ನಾನು ಆ ಎರಡನ್ನೂ ಅವರಿಗೆ ಹೇಳಿರಲಿಲ್ಲ. ಹೇಗೆ ಗೊತ್ತಾಯಿತೋ.

ಅಂದು ಲಿವರು, ಕಿಡ್ನಿ ಎಲ್ಲ ಸರಿಯಿದೆಯೇ ಎಂದು ಬೇರೆ ರಕ್ತ ತೆಗೆದರು. ಮಂಗಳವಾರ ಇಂಜೆಕ್ಷನ್. ಗಂಡ ರಜೆ ಹಾಕಿ ಜೊತೆಗೆ ಬಂದರು. ಅಲ್ಲಿ ನನ್ನ ಎತ್ತರ ಅಳೆದರು, ತೂಕ ನೋಡಿದರು, ಅದರ ಪ್ರಕಾರ ಔಷಧಿಯ ಪ್ರಮಾಣ ಗೊತ್ತು ಮಾಡಿದರು. ನರ್ಸು ಕೈಗವಸು ಹಾಕಿಕೊಂಡು ಸೊಂಟಕ್ಕೆ ಚುಚ್ಚಿದರು. ಒಂದು ನಿಮಿಷವೂ ಆಗಲಿಲ್ಲ. ಅಂದಿನ ಅಂಕಿ ಸಾವಿರದ ನೂರ ನಲವತ್ತು.

"ನಾಲ್ಕನೇ ದಿನ ರಕ್ತ ನೋಡ್ತೀವಿ, ಆವಾಗ ಏರಿರುತ್ತೆ, ಹೆದರಬೇಡಿ," ಎಂದರು ಡಾಕ್ಟರಮ್ಮ. "ಏಳನೇ ದಿನ ನಾಲ್ಕನೇ ದಿನಕ್ಕಿಂತ ಇಳಿದಿರಬೇಕು. ಇಳೀಲಿಲ್ಲ ಅಂದ್ರೆ ಇನ್ನೊಂದು ಇಂಜೆಕ್ಷನ್, ಇಲ್ಲಾ ಆಪರೇಷನ್. ನೋವಿನ ಮಾತ್ರೆ ನಾನು ಕೊಟ್ಟಿದ್ದು ಬಿಟ್ಟು ಬೇರೆ ತಗೋಬಾರ್ದು. ಬಿಸಿಲಿಗೆ ಹೋಗಬಾರ್ದು. ಮೂರು ತಿಂಗಳು ಗರ್ಭ ನಿಲ್ಲಬಾರ್ದು. ಆಮೇಲೆ ಆ ಫೋಲಿಕ್ ಮಾತ್ರೆ ಇವತ್ತಿಂದ ಬೇಡ. ಅದು ಈ ಔಷಧಿಯ ಕೆಲಸಕ್ಕೆ ಅಡ್ಡ ಬರುತ್ತೆ. ಸೊಪ್ಪೂ ಸ್ವಲ್ಪ ದಿನ ಕಮ್ಮಿ ಮಾಡಿ."

ಮನೆಗೆ ಬಂದು ಆ ಮಾತ್ರೆಯ ಹಾಳೆಯನ್ನು ಗಂಡನ ಕೈಗೆ ಕೊಟ್ಟೆ. ಒಂಬತ್ತು ಉಳಿದಿದ್ದವು. ಅವರು ಅದನ್ನು ಜೇಬಿಗೆ ಹಾಕಿಕೊಂಡರು. ಆಮೇಲೆ ಮಂಚದ ತುದಿಯಲ್ಲಿ ಕೂತು, ನೆಲ ನೋಡುತ್ತಾ, "ನಾನು ಒಂದು ಹೆಸ್ರು ಯೋಚ್ನೆ ಮಾಡಿದ್ದೆ," ಎಂದರು. ಯಾವುದೆಂದು ನಾನು ಕೇಳಲಿಲ್ಲ. ಅವರೂ ಹೇಳಲಿಲ್ಲ. ಅವರ ತಲೆಯನ್ನು ನನ್ನ ಹೆಗಲಿಗೆ ಎಳೆದುಕೊಂಡೆ. ಅವರು ಅಳುತ್ತಿದ್ದುದು ಗೊತ್ತಾಗುತ್ತಿತ್ತು. ಅಡುಗೆಮನೆಯಲ್ಲಿ ಅತ್ತೆ ಬೇಕೆಂದೇ ಪಾತ್ರೆಯ ಸದ್ದು ಮಾಡುತ್ತಿದ್ದರು.

ಸೊಪ್ಪಿನ ವಿಷಯ ಕೇಳಿ ಅತ್ತೆಗೆ ಸಿಟ್ಟು ಬಂತು. "ಸೊಪ್ಪು ತಿನ್ಬ್ಯಾಡ ಅನ್ನೋ ಡಾಕ್ಟ್ರನ್ನ ಇವತ್ತೇ ಕಣಪ್ಪ ನೋಡಿದ್ದು. ಮೈಯಾಗೆ ರಕ್ತ ಎಲ್ಲಿಂದ ಬತ್ತೈತೆ?" ಎಂದು ಮಗನನ್ನು ಕೇಳಿದರು. ಅವರು ತಿಳಿಸಿ ಹೇಳಿದರು. ಅತ್ತೆ ಅಂದು ಬೆಳಿಗ್ಗೆ ಕೊಂಡಿದ್ದ ಸೊಪ್ಪನ್ನು ಕೆಳಗಿನ ಮನೆಯವರಿಗೆ ಕೊಟ್ಟುಬಂದರು. ಅಂದಿನಿಂದ ಮುದ್ದೆಗೆ ಬರೀ ಬೇಳೆಸಾರು, ಮಜ್ಜಿಗೆ.

ಶುಕ್ರವಾರ, ನಾಲ್ಕನೇ ದಿನ, ಅಂಕಿ ಸಾವಿರದ ಮುನ್ನೂರ ತೊಂಬತ್ತು. ಏರುತ್ತದೆಂದು ಮೊದಲೇ ಹೇಳಿದ್ದರು. ಆದರೂ ಫೋನಿನಲ್ಲಿ ಅದನ್ನು ನೋಡಿದಾಗ ಮನಸ್ಸಿನ ಒಂದು ಮೂಲೆ, ನೋಡು, ಇನ್ನೂ ಬದುಕಿದೆ ಎಂದು ಹಿಗ್ಗಿತು. ಆ ಹಿಗ್ಗಿಗೆ ನನಗೇ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ.

ಶನಿವಾರ ಮಧ್ಯಾಹ್ನ ಎರಡು ಗಂಟೆಯ ಸುಮಾರಿಗೆ ಊಟಕ್ಕೆ ಕೂತಿದ್ದೆ. ಎಡಗಡೆ ಯಾರೋ ಕುಡುಗೋಲು ಹಾಕಿ ಎಳೆದ ಹಾಗಾಯಿತು. ತಟ್ಟೆ ಸರಿಸಿ ಹಾಗೇ ನೆಲಕ್ಕೆ ಮಲಗಿದೆ. ಬೆವರು ಬಂತು. ಗಂಡ ಬಲಸಮುದ್ರದಲ್ಲಿದ್ದರು, ಬರಲು ಗಂಟೆಗಿಂತ ಹೆಚ್ಚು ಬೇಕು.

ಅತ್ತೆ ನನ್ನ ಪಕ್ಕ ಕೂತು ಕೇಳಿದ್ದು ಒಂದೇ. "ಎಗಲು?"

"ಇಲ್ಲ."

"ಕಣ್ಣು ಕತ್ಲೆ ಬತ್ತೈತಾ?"

"ಸ್ವಲ್ಪ."

ಅವರು ಎದ್ದು ಬರಿಗಾಲಲ್ಲೇ ಮೆಟ್ಟಿಲಿಳಿದು ಹೋದರು. ಬೀದಿಯಲ್ಲಿ ಅವರ ಕೂಗು ಮೇಲಿನವರೆಗೂ ಕೇಳಿಸಿತು. "ಯಾರ್ಲಾ ಅದು, ಆಟೋ ನಿಲ್ಸು! ಲೇ, ನಿಲ್ಸು ಅಂದೆ!" ಕುರಿಹಿಂಡಿನ ಹಿಂದೆ ಕೂಗಿ ಕೂಗಿ ಪಳಗಿದ ಗಂಟಲು. ಕೆಳಗಿನ ಮನೆಯ ಹೆಂಗಸು ಮತ್ತು ಅತ್ತೆ ನನ್ನನ್ನು ಎರಡು ಕಡೆಯಿಂದ ಹಿಡಿದು ಇಳಿಸಿದರು. ನನ್ನ ಸೀರೆಗೆ ರಕ್ತವಾಗಿತ್ತು. ಆಟೋದಲ್ಲಿ ಅತ್ತೆ ನನ್ನನ್ನು ಮಗುವಿನ ಹಾಗೆ ತೊಡೆಯ ಮೇಲೆ ಒರಗಿಸಿಕೊಂಡು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡರು. ಅವರ ಸೀರೆಗೂ ಆಯಿತು. "ಆಗ್ಲಿ ಬುಡು, ಆಗ್ಲಿ ಬುಡು," ಎನ್ನುತ್ತಿದ್ದರು. ಯಾರಿಗೆ ಹೇಳುತ್ತಿದ್ದರೋ ನನಗೆ ತಿಳಿಯಲಿಲ್ಲ.

ಡಾಕ್ಟರಮ್ಮ ಊಟದ ಕೈ ತೊಳೆದು ಬಂದವರೇ ಸ್ಕ್ಯಾನ್ ಮಾಡಿದರು. ಒಡೆದಿರಲಿಲ್ಲ. ಸ್ವಲ್ಪ ರಕ್ತ ಸೋರಿತ್ತು, ಅಷ್ಟೇ. ಔಷಧಿ ಕೆಲಸ ಮಾಡುವಾಗ ಗಂಟು ನಾಳದಿಂದ ಬಿಡಿಸಿಕೊಳ್ಳುತ್ತದೆ, ಆಗ ಹೀಗೆ ನೋವು ಬರುವುದುಂಟು ಎಂದರು. ಆದರೂ ಮನೆಗೆ ಕಳಿಸಲಿಲ್ಲ. ಡ್ರಿಪ್ ಹಾಕಿ, ಮಂಚದ ಪಕ್ಕ ನರ್ಸನ್ನು ಕೂರಿಸಿ, ಅರ್ಧ ಗಂಟೆಗೊಮ್ಮೆ ಬಿಪಿ ನೋಡಿಸಿದರು. ಆಪರೇಷನ್ ಬೇಕಾದರೆ ಬರಲೆಂದು ಅರಿವಳಿಕೆ ಕೊಡುವ ಡಾಕ್ಟರಿಗೂ ಫೋನು ಮಾಡಿಟ್ಟರು. ಗಂಡ ಕಂಪನಿಯ ಜೀಪಿನಲ್ಲಿ ಬಂದಾಗ ನೋವು ಇಳಿದಿತ್ತು. ಅವರ ಬಟ್ಟೆಯ ಮೇಲೆಲ್ಲ ಪಾವಗಡದ ಧೂಳು. ಅಮ್ಮನ ಸೀರೆ ನೋಡಿ ಬಾಗಿಲಲ್ಲೇ ಗೋಡೆ ಹಿಡಿದು ನಿಂತರು.

"ಚೆನ್ನಾಗವ್ಳೆ ಕಣ್ಲಾ," ಎಂದರು ಅತ್ತೆ. "ಮಕ ತೊಳ್ಕಂಡು ಬಾ, ಹೋಗು."

ಸಂಜೆ ಡಾಕ್ಟರಮ್ಮ ಮತ್ತೆ ನೋಡಲು ಬಂದಾಗ ಅತ್ತೆ ಎದ್ದು ನಿಂತು ಕೇಳಿದರು. "ಮೂವತ್ತೈದು ವರ್ಷದ ಇಂದೆ ಈ ಸೂಜಿ ಇತ್ತೇನಮ್ಮ?" ತಂಗಿಯ ಕತೆಯನ್ನೂ ನಾಲ್ಕು ಮಾತಿನಲ್ಲಿ ಹೇಳಿದರು. ಡಾಕ್ಟರಮ್ಮ ಸಮಾಧಾನದ ಸುಳ್ಳು ಹೇಳುತ್ತಾರೇನೋ ಎಂದುಕೊಂಡೆ. "ಆಗ ಈ ಕಡೆ ಈ ಸೂಜಿ ಇರಲಿಲ್ಲಮ್ಮ. ಆಪರೇಷನ್ ಇತ್ತು, ಅದಕ್ಕೆ ದೊಡ್ಡ ಆಸ್ಪತ್ರೆಗೆ ಹೊತ್ತಿಗೆ ಸರಿಯಾಗಿ ಹೋಗಬೇಕಿತ್ತು. ನಿಮ್ಮ ತಂಗಿಗೆ ಇದೇ ಆಗಿತ್ತಾ ಅಂತ ಈಗ ಯಾರೂ ಹೇಳೋಕಾಗಲ್ಲ. ಹೆಗಲು ನೋವಿಗೆ ಅದೇ ಅರ್ಥ ಅಂತ ಆಗ ನಿಮಗೆ ಯಾರೂ ಹೇಳಿರಲಿಲ್ಲ. ಹೇಳಿದ್ರೆ ನೀವು ಕೂಗ್ತಿದ್ರಿ, ಇವತ್ತು ಕೂಗಿದ ಹಾಗೆ." ಅತ್ತೆ ತಲೆಯಾಡಿಸಿದರು. ಅವರು ಪೂರ್ತಿ ಒಪ್ಪಿದರೆಂದು ನನಗನ್ನಿಸಲಿಲ್ಲ. ಆದರೆ ಅಂದು ಚೆನ್ನಾಗಿ ಊಟ ಮಾಡಿದರು.

ಸೋಮವಾರ, ಏಳನೇ ದಿನ, ಸಾವಿರದ ನೂರ ಐದು. ಇಳಿದಿತ್ತು. ಲ್ಯಾಬಿನ ಹುಡುಗಿ ಫೋನಿಗೆ ಕಳಿಸಿ ಸುಮ್ಮನಾಗದೆ ತಾನೇ ಕರೆ ಮಾಡಿದಳು. "ಅಕ್ಕ, ಕಮ್ಮಿ ಆಗಿದೆ!" ಎಂದಳು. ಆಮೇಲೆ ಏನೋ ಹೊಳೆದಂತೆ ದನಿ ತಗ್ಗಿಸಿ, "ಸಾರಿ ಅಕ್ಕ. ಖುಷಿ ಪಡೋ ವಿಷ್ಯ ಹೌದೋ ಅಲ್ವೋ," ಎಂದಳು. "ಎರಡೂ ಹೌದು," ಎಂದೆ.

ಆಮೇಲೆ ವಾರಕ್ಕೊಮ್ಮೆ ರಕ್ತ. ಆರುನೂರ ಹತ್ತು, ಇನ್ನೂರ ನಲವತ್ತು, ಎಪ್ಪತ್ತು, ಹದಿನೆಂಟು. ಮೊದಲು ಏರಲಿ ಎಂದು ಬೇಡಿಕೊಂಡ ಸಂಖ್ಯೆ ಇಳಿಯಲಿ ಎಂದು ಈಗ ಬೇಡಿಕೊಳ್ಳುತ್ತಿದ್ದೆ. ಕೊನೆಗೆ ಐದಕ್ಕಿಂತ ಕಡಿಮೆ ಎಂದು ಬಂದಾಗ ಮನೆಯಲ್ಲಿ ಮೂವರೂ ಇದ್ದೆವು. ಗಂಡ ಓದಿ ಹೇಳಿದರು. ಅತ್ತೆ ಎದ್ದು ಹೋಗಿ ಟೀ ಇಟ್ಟರು.

ಮಾರನೆಯ ದಿನ ಅವರು ಹಟ್ಟಿಗೆ ಹೊರಟರು. ಹೊರಡುವ ಮೊದಲು ತಲೆಗೆ ಸ್ನಾನ ಮಾಡಿ, ತಂದಿದ್ದ ಎಲ್ಲ ಬಟ್ಟೆಯನ್ನೂ ಒಗೆದು, ಒದ್ದೆಯನ್ನೇ ಹಿಂಡಿ ಚೀಲಕ್ಕೆ ಹಾಕಿಕೊಂಡರು. ಹಟ್ಟಿಯ ದೇವರಿಗೆ ಮೈಲಿಗೆ ತಾಗಬಾರದಲ್ಲ. ನಾನು ನೋಡುತ್ತಿದ್ದುದನ್ನು ಕಂಡು, "ಬೇಜಾರು ಮಾಡ್ಕೋಬ್ಯಾಡ ಕಣಮ್ಮ. ಅಭ್ಯಾಸ. ಬುಡೋಕಾಗಾಕಿಲ್ಲ," ಎಂದರು. ಬೇಜಾರಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ಆಟೋದಲ್ಲಿ ನನ್ನನ್ನು ಹಿಡಿದಿದ್ದು ಅದೇ ಕೈಗಳು. ನಾನೇ ಚೀಲ ಹೊತ್ತು ಬಸ್ ನಿಲ್ದಾಣದವರೆಗೆ ಹೋಗಿ ಶಿರಾ ಬಸ್ಸು ಹತ್ತಿಸಿ ಬಂದೆ.

ಶಾಲೆಗೆ ಹೋದ ಮೊದಲ ದಿನ ಮಕ್ಕಳು ಎಲ್ಲಿಗೆ ಹೋಗಿದ್ದಿರಿ ಟೀಚರ್ ಎಂದು ಕೇಳಿದರು. ಜ್ವರ ಎಂದೆ. ಸತ್ತವರಿಗೆ ತಿಥಿಯಿದೆ, ಹುಟ್ಟಿದವರಿಗೆ ನಾಮಕರಣವಿದೆ. ಇದಕ್ಕೆ ಏನೂ ಇರಲಿಲ್ಲ. ಮುಖ್ಯೋಪಾಧ್ಯಾಯಿನಿ ಮಾತ್ರ ಬಿಡುವಿನಲ್ಲಿ ನನ್ನ ಪಕ್ಕ ಬಂದು ಕೂತು, ತಮ್ಮ ಎರಡನೆಯ ಬಸಿರೂ ಅರ್ಧದಲ್ಲೇ ಇಳಿದುಹೋಗಿದ್ದನ್ನು ಹೇಳಿದರು. ಇಪ್ಪತ್ತು ವರ್ಷದ ಹಿಂದಿನ ಮಾತಂತೆ. ಎಷ್ಟನೇ ತಿಂಗಳು, ಯಾವ ವಾರ ಎಂಬುದೆಲ್ಲ ಅವರಿಗೆ ನೆನಪಿತ್ತು. ಅಂದು ನಾನು ಆ ಏಳೆಂಟು ವಾರಗಳಲ್ಲಿ ಮೊದಲ ಬಾರಿಗೆ ಮನಸಾರೆ ಅತ್ತುಬಿಟ್ಟೆ.

ಹಟ್ಟಿಯಿಂದ ಅತ್ತೆಯ ಸುದ್ದಿ ಮೈದುನನಿಂದ ಬರುತ್ತಿತ್ತು. ಹೊರಗೆ ಕೂತ ಹುಡುಗಿಯರನ್ನು ಅವರು ಈಗ ದೂರದಿಂದ ಮಾತಾಡಿಸಿ ಬಿಡುವುದಿಲ್ಲವಂತೆ. ದಿನ ತಪ್ಪಿತ್ತೇ, ಎಲ್ಲಿ ನೋವು, ಎಷ್ಟು ನೋವು ಎಂದು ವಿಚಾರಿಸುತ್ತಾರಂತೆ. ಒಂದು ಸಲ ನೆರೆಮನೆಯ ಸೊಸೆ ಹೊಟ್ಟೆ ಹಿಡಿದುಕೊಂಡಿದ್ದನ್ನು ನೋಡಿ, ಯಾರ ಮಾತೂ ಕೇಳದೆ ಅವಳನ್ನು ಗಾಡಿಯಲ್ಲಿ ಕೂರಿಸಿ ಶಿರಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ನೋಡಿದರೆ ಅದು ಕಿಡ್ನಿಯಲ್ಲಿ ಕಲ್ಲು. ಹಟ್ಟಿಯವರೆಲ್ಲ ನಕ್ಕರಂತೆ. ಫೋನಿನಲ್ಲಿ ನಾನು ಅದನ್ನು ಕೇಳಿದಾಗ ಅತ್ತೆ, "ನಗ್ಲಿ ಬುಡು. ಕಲ್ಲೂ ನೋಯ್ತೈತಲ್ಲ," ಎಂದರು.

ಇದೆಲ್ಲ ಆಗಿ ಎರಡು ವರ್ಷ ಸಮೀಪಿಸುತ್ತಿದೆ. ಮೂರು ತಿಂಗಳು ಕಳೆದ ಮೇಲೆ ಡಾಕ್ಟರಮ್ಮ, ಯಾವಾಗ ಬೇಕಾದರೂ ಪ್ರಯತ್ನಿಸಬಹುದು, ಆದರೆ ದಿನ ತಪ್ಪಿದ ಕೂಡಲೇ ನನ್ನ ಹತ್ತಿರ ಬರಬೇಕು ಎಂದಿದ್ದರು. ನಾವು ಒಂದು ವರ್ಷ ಕಾದೆವು. ಕಾದಿದ್ದು ಮೈಗಾಗಿ ಅಲ್ಲ, ಧೈರ್ಯಕ್ಕಾಗಿ. ಇನ್ನೂ ಗರ್ಭ ನಿಂತಿಲ್ಲ. ನಿಂತರೆ ಮತ್ತೆ ಅದೇ ಕ್ಯಾಲೆಂಡರಿನ ಕೋಣೆಯಲ್ಲಿ ಮಲಗಬೇಕು, ಮತ್ತೆ ಪರದೆಯ ಕಡೆ ನೋಡಬೇಕು. ಹೆದರಿಕೆಯಿದೆ. ಆದರೂ ಕಳೆದ ವಾರ ಗಂಡನೊಡನೆ ಹೋಗಿ ಆ ಹಳದಿ ಮಾತ್ರೆಯನ್ನು ಹೊಸದಾಗಿ ಬರೆಸಿಕೊಂಡು ಬಂದೆ. ಈ ಸಲ ನಮ್ಮ ಬೀದಿಯ ಅಂಗಡಿಯಲ್ಲೇ ಕೊಂಡೆವು.